ದೊಡ್ಡ ಸ್ಕೂಟರ್ ಆರಿಸುವುದು ಹೇಗೆ? ಸಿಸಿಗಿಂತ ಮೊದಲು ಸೀಟು ನೋಡಿ

ಪ್ರಶ್ನೆ: ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 40 ಕಿ.ಮೀ. ಓಡಾಟ. ತಿಂಗಳಿಗೆ ಒಂದೆರಡು ಸಲ ಹೆಂಡತಿಯನ್ನು ಕೂರಿಸಿಕೊಂಡು 250–300 ಕಿ.ಮೀ. ಪ್ರಯಾಣ. ಈಗಿರುವ 125 ಸಿಸಿ ಸ್ಕೂಟರಿನಲ್ಲಿ ಎರಡು ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಧೈರ್ಯ ಬರುವುದಿಲ್ಲ. ನನ್ನ ಎತ್ತರ 165 ಸೆಂ.ಮೀ. ಗೇರ್ ಬೈಕ್ ಬೇಡ. 300 ಸಿಸಿ ಸಾಕೇ ಅಥವಾ 500ರ ಮೇಲಿನದಕ್ಕೆ ಹೋಗಬೇಕೇ? ದೊಡ್ಡ ಗಾಡಿ ತೆಗೆದುಕೊಂಡರೆ ಸೊಂಟದ ಕಷ್ಟ ತಪ್ಪುತ್ತದೆಯೇ?

ಉತ್ತರ: ಮೊದಲ ಪ್ರಶ್ನೆ ಸುಲಭ. ನಿಮ್ಮ ಬಳಕೆಗೆ 300–350 ಸಿಸಿ ಧಾರಾಳವಾಗಿ ಸಾಕು. ಎರಡನೆಯದಕ್ಕೆ ಸಿಸಿಯಲ್ಲಿ ಉತ್ತರವಿಲ್ಲ. ಸೊಂಟ ಹಿಡಿಯುವುದು ಕೂರುವ ಭಂಗಿ, ಸೀಟಿನ ಫೋಮು, ಹಿಂದಿನ ಶಾಕ್ ಅಬ್ಸಾರ್ಬರ್ ಈ ಮೂರರಿಂದ. ಇವು ನಿಮ್ಮ ಮೈಗೆ ಹೊಂದದಿದ್ದರೆ 750 ಸಿಸಿ ಗಾಡಿಯಲ್ಲೂ ಎರಡು ಗಂಟೆಗೆ ಅದೇ ನೋವು ಬರುತ್ತದೆ, ಜೊತೆಗೆ ಅದನ್ನು ನಿಲ್ಲಿಸಿ ತಳ್ಳುವಾಗ ಇನ್ನೊಂದಿಷ್ಟು.

ಎಷ್ಟು ಶಕ್ತಿ ಬೇಕು

ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ಗಾಳಿಗಾಗಿಯೇ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು. 125 ಸಿಸಿ ಸ್ಕೂಟರುಗಳು ಕೊಡುವುದು 8ರಿಂದ 12 ಅಶ್ವಶಕ್ತಿ. ಇಬ್ಬರು ಕೂತು 80ರಲ್ಲಿ ಹೋಗುವಾಗಲೇ ಅದರ ಬಹುಪಾಲು ಖರ್ಚಾಗಿರುತ್ತದೆ. ಲಾರಿ ಹಿಂದಿಕ್ಕಲು ಎಕ್ಸಲೇಟರ್ ತಿರುಗಿಸಿದಾಗ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ನಿಮಗೆ ಧೈರ್ಯ ಬಾರದಿರುವುದಕ್ಕೆ ಕಾರಣ ಇದೇ.

155–160 ಸಿಸಿ ವರ್ಗ (ಯಮಹಾ ಎನ್‌ಮ್ಯಾಕ್ಸ್, ಹೋಂಡಾ ಪಿಸಿಎಕ್ಸ್) ಸುಮಾರು 15 ಅಶ್ವಶಕ್ತಿ ಕೊಡುತ್ತದೆ. ಒಬ್ಬರೇ ಓಡಾಡುವವರಿಗೆ, ಅಪರೂಪಕ್ಕೆ ಹೆದ್ದಾರಿಗೆ ಇಳಿಯುವವರಿಗೆ ಇದು ಜಾಣ ಆಯ್ಕೆ; ಇಬ್ಬರಾದರೆ 90ರ ಆಚೆ ಉಸಿರು ಕಟ್ಟುತ್ತದೆ. 300–350 ವರ್ಗದಲ್ಲಿ ಯಮಹಾ ಎಕ್ಸ್‌ಮ್ಯಾಕ್ಸ್ 300 (292 ಸಿಸಿ), ಹೋಂಡಾ ಫೋರ್ಜಾ 350 (330 ಸಿಸಿ) ಎರಡೂ 28–29 ಅಶ್ವಶಕ್ತಿಯ ಗಾಡಿಗಳು. ಇಬ್ಬರು, ಸಾಮಾನು, 100ರ ವೇಗ, ಮೇಲೆ ಹಿಂದಿಕ್ಕಲು ಒಂದಿಷ್ಟು ಉಳಿತಾಯ. ನಿಮಗೆ ಬೇಕಾದದ್ದು ಆ ಉಳಿತಾಯ.

ಸಿಸಿ ನೋಡಿ ಮೋಸಹೋಗುವುದು ಇಲ್ಲಿಂದ ಶುರುವಾಗುತ್ತದೆ. ಸುಜುಕಿ ಬರ್ಗ್‌ಮನ್ 400ರ ಈಚಿನ ಮಾದರಿ ಕೂಡ ಸುಮಾರು 29 ಅಶ್ವಶಕ್ತಿಯದೇ. ಆದರೆ ಅದರ ತೂಕ 218 ಕಿಲೋ. ಫೋರ್ಜಾ 350 ಸುಮಾರು 185, ಎಕ್ಸ್‌ಮ್ಯಾಕ್ಸ್ ಸುಮಾರು 180. ಬರ್ಗ್‌ಮನ್‌ನಲ್ಲಿ ಕೆಳವೇಗದ ಟಾರ್ಕ್ (ಎಳೆಯುವ ಬಲ) ಸ್ವಲ್ಪ ಹೆಚ್ಚು, ಹಾಗಾಗಿ ಹೊರಡುವಾಗ ನಿರಾಳ. ಆದರೆ 80ರಿಂದ 100ಕ್ಕೆ ಏರುವಾಗ ಹೆಸರಿನಲ್ಲಿರುವ 400 ಎಂಬ ಅಂಕಿ ನಿಮ್ಮ ನೆರವಿಗೆ ಬರುವುದಿಲ್ಲ. ಇದಕ್ಕೂ ದೊಡ್ಡ ಮೋಸ ಎಂದರೆ ಮೈದುಂಬಿ ಕಾಣುವ 125 ಸಿಸಿ ಸ್ಕೂಟರುಗಳು. ಅಗಲವಾದ ಮುಖ, ಉದ್ದನೆಯ ಸೀಟು ಎಲ್ಲ ಇದ್ದು ಒಳಗಿನ ಎಂಜಿನ್, ಚಕ್ರ, ಸಸ್ಪೆನ್ಷನ್ ನೀವು ಈಗ ಓಡಿಸುತ್ತಿರುವ ಗಾಡಿಯವೇ ಆಗಿರುತ್ತವೆ.

500ರ ಮೇಲಿನ ಗಾಡಿಗಳು ಬೇರೆ ಜಾತಿಯವು. ಯಮಹಾ ಟಿಮ್ಯಾಕ್ಸ್ 560 ಎರಡು ಸಿಲಿಂಡರಿನದು, ಸುಮಾರು 47 ಅಶ್ವಶಕ್ತಿ. ಹೋಂಡಾ ಫೋರ್ಜಾ 750ರಲ್ಲಿ ಸುಮಾರು 58 ಅಶ್ವಶಕ್ತಿ, ತೂಕ 235 ಕಿಲೋ; ಸ್ಕೂಟರುಗಳಲ್ಲಿ ಸಾಮಾನ್ಯವಾದ ಬೆಲ್ಟಿನ ಬದಲು ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್, ಹಿಂದೆ ಚೈನು. ಹೆಚ್ಚಿನ ಸಮಯ 110ರ ಮೇಲೆಯೇ ಓಡಿಸುವವರಿಗೆ ಇವು ಅರ್ಥಪೂರ್ಣ. ದಿನಕ್ಕೆ 40 ಕಿ.ಮೀ. ಊರೊಳಗೆ ಓಡಾಡುವವರಿಗೆ ತಿಂಗಳಿಗೆರಡು ದಿನದ ಸುಖಕ್ಕಾಗಿ ಉಳಿದ ದಿನಗಳಲ್ಲೆಲ್ಲ 35–50 ಕಿಲೋ ಹೆಚ್ಚುವರಿ ಭಾರ ಹೊರಿಸುತ್ತವೆ. ಫೋರ್ಜಾ 750 ಆದರೆ ಚೈನಿಗೆ ಪ್ರತಿ 500–1,000 ಕಿ.ಮೀ.ಗೆ ಎಣ್ಣೆ ಹಾಕುವ ಕೆಲಸವೂ ಬಂತು; ಗೇರ್ ಬೈಕ್ ಬೇಡವೆಂದವರಿಗೆ ಇದು ಹಿಡಿಸುವುದು ಅನುಮಾನ.

ಸೊಂಟದ ವಿಷಯ

ಬೈಕಿನಲ್ಲಿ ಕಾಲು ಕೆಳಗೆ ಅಥವಾ ತುಸು ಹಿಂದೆ ಇರುತ್ತದೆ. ಗುಂಡಿ ಬಂದರೆ ಪಾದದ ಮೇಲೆ ಭಾರ ಹಾಕಿ ಅರೆಕ್ಷಣ ಸೀಟಿನಿಂದ ಏಳಬಹುದು. ದೊಡ್ಡ ಸ್ಕೂಟರಿನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ನೋಡಲು ಆರಾಮ, ಆದರೆ ಮೈಭಾರವೆಲ್ಲ ಬಾಲಮೂಳೆಯ ಸುತ್ತ ಕೂತುಬಿಡುತ್ತದೆ. ಸೊಂಟ ಹಿಂದಕ್ಕೆ ಹೊರಳಿ ಬೆನ್ನಿನ ಕೆಳಭಾಗದ ಸಹಜ ಬಾಗು ಮಾಯವಾಗುತ್ತದೆ. ಆ ಸ್ಥಿತಿಯಲ್ಲಿ ಹಿಂಚಕ್ರದ ಪ್ರತಿ ಹೊಡೆತವೂ ನೇರ ಬೆನ್ನುಮೂಳೆಗೆ ಬಡಿಯುತ್ತದೆ. ಕಾಲು ಚಾಚುವ ಸೌಕರ್ಯವನ್ನೇ ಜಾಹೀರಾತಿನಲ್ಲಿ ಮುಂದೆ ಮಾಡುತ್ತಾರೆ. ಸೊಂಟನೋವು ಇರುವವರು ಅದನ್ನು ಎಚ್ಚರದಿಂದ ನೋಡಬೇಕು.

ಕೂತು ನೋಡುವಾಗ ಹೀಗೆ ಪರೀಕ್ಷಿಸಿ. ಸೀಟಿನ ನಡುವಿನ ಏರಿಗೆ, ಅಂದರೆ ಬೆನ್ನಿಗೆ ಆನಿಕೆಯಾಗುವ ಭಾಗಕ್ಕೆ, ಪೃಷ್ಠ ತಾಗುವಂತೆ ಹಿಂದಕ್ಕೆ ಸರಿದು ಕೂರಿ. ಆ ಜಾಗದಿಂದ ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಸಡಿಲವಾಗಿರಬೇಕು. 165 ಸೆಂ.ಮೀ. ಎತ್ತರದವರಿಗೆ ಹಲವು ದೊಡ್ಡ ಸ್ಕೂಟರುಗಳಲ್ಲಿ ಆ ಆನಿಕೆ ತೀರ ಹಿಂದಾಗುತ್ತದೆ. ಆಗ ಮುಂದೆ ಸರಿದು ಕೂರಬೇಕಾಗುತ್ತದೆ, ಬೆನ್ನಿಗೆ ಆಧಾರವಿಲ್ಲದೆ ಗೂನು ಬೀಳುತ್ತದೆ. ಆನಿಕೆಯನ್ನು ಮುಂದೆ ಹಿಂದೆ ಸರಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಕೆಲವು ಮಾದರಿಗಳಲ್ಲಿ ಸೀಟಿನಡಿಯ ಬೋಲ್ಟ್ ಬಿಚ್ಚಿ ಎರಡು ಮೂರು ಸ್ಥಾನಗಳಿಗೆ ಸರಿಸಬಹುದು. ನಂತರ ಪಾದ ಇಡುವ ಜಾಗ. ಒಮ್ಮೆ ಮುಂದಕ್ಕೆ ಚಾಚಿ, ಒಮ್ಮೆ ಮೊಣಕಾಲಿನ ನೇರ ಕೆಳಗೆ, ಹೀಗೆ ಎರಡು ಕಡೆಯೂ ಇಡಲು ಬರಬೇಕು. ಅರ್ಧ ಗಂಟೆಗೊಮ್ಮೆ ಕಾಲು ಬದಲಿಸಲು ಆದರೆ ಸೊಂಟಕ್ಕೆ ಅದೇ ದೊಡ್ಡ ಔಷಧ.

ಫೋಮಿನ ಬಗ್ಗೆ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಶೋರೂಮಿನಲ್ಲಿ ಮೆತ್ತಗೆ ಅನ್ನಿಸುವ ಸೀಟು ಒಂದು ಗಂಟೆಯಲ್ಲಿ ಒತ್ತಿಹೋಗಿ ಕೆಳಗಿನ ಪ್ಲಾಸ್ಟಿಕ್ ತಳ ಮೂಳೆಗೆ ತಾಗತೊಡಗುತ್ತದೆ. ಮೊಣಕಾಲನ್ನು ಸೀಟಿನ ಮೇಲೆ ಊರಿ ಪೂರ್ತಿ ಭಾರ ಬಿಡಿ: ತಳ ತಗುಲಿದರೆ ಆ ಸೀಟು ದೂರಕ್ಕಲ್ಲ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ನೀವು ಜಾರಿ, ಮತ್ತೆ ಹಿಂದೆ ಸರಿದು, ಅದರಿಂದಲೇ ದಣಿಯುತ್ತೀರಿ.

ಸೊಂಟದ ತೊಂದರೆ ಹಳೆಯದಾಗಿದ್ದರೆ ಇನ್ನೊಂದು ದಾರಿಯನ್ನೂ ನೋಡಿ. ದೊಡ್ಡ ಎಂಜಿನ್ ಇದ್ದೂ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರಿಸುವ ಸ್ಕೂಟರುಗಳಿವೆ. ಹೋಂಡಾ ಎಸ್‌ಎಚ್ 350ಐ ಅಂಥದು. ಫೋರ್ಜಾದಂತೆಯೇ 330 ಸಿಸಿ ಎಂಜಿನ್, ಹಿಂದೆ ಮುಂದೆ ಎರಡೂ 16 ಇಂಚಿನ ಚಕ್ರ, ಸಪಾಟು ಕಾಲುಹಲಗೆ. ಪಿಯಾಜಿಯೋ ಬೆವರ್ಲಿಯೂ ಇದೇ ಸಾಲಿನದು. ಪಾದ ಮೊಣಕಾಲಿನ ಕೆಳಗೇ ಇರುವುದರಿಂದ ತೊಡೆ ಸ್ವಲ್ಪ ಭಾರ ಹೊರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಕಳೆದುಕೊಳ್ಳುವುದು ಗಾಳಿತಡೆ, ಡಿಕ್ಕಿಯ ಜಾಗ ಮತ್ತು ಟ್ಯಾಂಕ್. ಎಸ್‌ಎಚ್‌ನ ಟ್ಯಾಂಕ್ 9 ಲೀಟರಿನ ಆಸುಪಾಸು. ಸೀಟಿನ ಎತ್ತರ 805 ಮಿ.ಮೀ. ಎಂದು ಕಾಗದದಲ್ಲಿ ಹೆದರಿಸಿದರೂ ಸೀಟು ಕಿರಿದು, ಹಾಗಾಗಿ ಅಂಕಿ ಹೇಳುವಷ್ಟು ಕಷ್ಟವಿಲ್ಲ.

ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತು ಚಕ್ರ

ಬಹುತೇಕ ಸ್ಕೂಟರುಗಳಲ್ಲಿ ಎಂಜಿನ್, ಬೆಲ್ಟಿನ ಪೆಟ್ಟಿಗೆ, ಹಿಂಚಕ್ರ ಮೂರೂ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತವೆ. ಅಂದರೆ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಅಷ್ಟೂ ಭಾರವನ್ನು ಸ್ಪ್ರಿಂಗ್ ಹಿಡಿದು ನಿಲ್ಲಿಸಬೇಕು. ಹೀಗಾಗಿ ಹಿಂಭಾಗ ಒರಟು. ಮೇಲಾಗಿ ಸೀಟಿನಡಿ ಡಿಕ್ಕಿಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಆಟ, ಅಂದರೆ ಚಕ್ರ ಮೇಲೆ ಕೆಳಗೆ ಸರಿಯಬಲ್ಲ ದೂರ, ಕಡಿಮೆ: ಎಕ್ಸ್‌ಮ್ಯಾಕ್ಸ್ 300ರಲ್ಲಿ ಮುಂದೆ 110 ಮಿ.ಮೀ. ಇದ್ದರೆ ಹಿಂದೆ 80ರ ಹತ್ತಿರ. ಟಿಮ್ಯಾಕ್ಸ್‌ನಲ್ಲಿ ಎಂಜಿನನ್ನು ಚೌಕಟ್ಟಿಗೇ ಬಿಗಿದಿದ್ದಾರೆ, ಹಿಂಚಕ್ರ ಬೈಕಿನಂತೆ ಪ್ರತ್ಯೇಕ ತೋಳಿನಲ್ಲಿ ಆಡುತ್ತದೆ. ಹಿಂದಿನ ಆಟ ಸುಮಾರು 117 ಮಿ.ಮೀ. ಅದರ ಹೆಚ್ಚಿನ ಬೆಲೆಗೆ ನಿಜವಾದ ಸಮರ್ಥನೆ ಇಲ್ಲಿದೆ. ಅಶ್ವಶಕ್ತಿ ಆಮೇಲಿನ ಮಾತು.

300–350 ವರ್ಗದಲ್ಲಿ ಆ ಸೌಲಭ್ಯವಿಲ್ಲ, ಆದರೆ ಇರುವುದನ್ನೇ ಸರಿಹೊಂದಿಸಿದರೆ ಸಾಕಷ್ಟು ಸುಧಾರಿಸುತ್ತದೆ. ಹೆಚ್ಚಿನವರು ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಗಾಡಿ ಕೊಂಡ ದಿನ ಹೇಗಿತ್ತೋ ಹಾಗೇ ಬಿಟ್ಟಿರುತ್ತಾರೆ. ಅಳೆಯುವ ಕ್ರಮ ಹೀಗೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂಚಕ್ರ ಗಾಳಿಯಲ್ಲಿರಲಿ. ಹಿಂಚಕ್ರದ ಆಕ್ಸಲಿನಿಂದ ನೇರ ಮೇಲೆ ಬಾಡಿಯ ಮೇಲೊಂದು ಗುರುತಿಗೆ ದೂರ ಅಳೆಯಿರಿ. ಸ್ಟ್ಯಾಂಡ್ ಇಳಿಸಿ, ನೀವಿಬ್ಬರೂ ಎಂದಿನ ಸಾಮಾನಿನೊಂದಿಗೆ ಕೂತು, ಇನ್ನೊಬ್ಬರಿಂದ ಅದೇ ದೂರ ಅಳೆಸಿ. ವ್ಯತ್ಯಾಸ ಒಟ್ಟು ಆಟದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗಿರಬೇಕು, 80 ಮಿ.ಮೀ. ಆಟವಿದ್ದರೆ 20ರಿಂದ 27 ಮಿ.ಮೀ. ಅದಕ್ಕಿಂತ ಹೆಚ್ಚು ಕುಸಿದರೆ ಕೊಕ್ಕೆಯಂಥ ಸ್ಪ್ಯಾನರಿನಿಂದ ಎರಡೂ ಬದಿಯ ಶಾಕ್ ಅಬ್ಸಾರ್ಬರನ್ನು ಸಮಾನವಾಗಿ ಒಂದೊಂದು ಮೆಟ್ಟಿಲು ಏರಿಸಿ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಆಗಬಾರದು. ಬಿಗಿ ಮಾಡಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ತಪ್ಪು. ಅದು ಗಾಡಿಯನ್ನು ಎತ್ತರದಲ್ಲಿ ಹಿಡಿಯುತ್ತದೆ ಅಷ್ಟೇ. ಇಬ್ಬರು ಕೂತಾಗ ಹಂಪಿನಲ್ಲಿ "ಧಡ್" ಎಂದು ಬಡಿಯುವುದು ಆಟವೆಲ್ಲ ಮೊದಲೇ ಮುಗಿದುಹೋಗಿರುವುದರಿಂದ. ಒಬ್ಬರೇ ಓಡಾಡುವ ದಿನಗಳಿಗೆ ಮತ್ತೆ ಇಳಿಸಬೇಕು, ಇಲ್ಲದಿದ್ದರೆ ಖಾಲಿ ಗಾಡಿ ಪುಟಿಯುತ್ತದೆ.

ಚಕ್ರದ ವ್ಯಾಸ ದೊಡ್ಡದಾದಷ್ಟೂ ಗುಂಡಿಯ ಅಂಚನ್ನು ಸಲೀಸಾಗಿ ಹತ್ತುತ್ತದೆ. ಎಕ್ಸ್‌ಮ್ಯಾಕ್ಸ್, ಫೋರ್ಜಾ 350 ಎರಡರಲ್ಲೂ ಮುಂದೆ 15, ಹಿಂದೆ 14 ಇಂಚು. ಟೈರಿನ ಅಳತೆಯೂ ಒಂದೇ, 120/70-15 ಮತ್ತು 140/70-14. ಬರ್ಗ್‌ಮನ್ 400ರ ಹಿಂಚಕ್ರ 13 ಇಂಚು. ವೆಸ್ಪಾ ಜಿಟಿಎಸ್ 300 ಉಕ್ಕಿನ ಮೈಯ ಚೆಂದದ ಗಾಡಿ, ಎಂಜಿನ್ನೂ ಚುರುಕು, ಆದರೆ 12 ಇಂಚಿನ ಚಕ್ರ. ನುಣುಪಾದ ರಸ್ತೆಯಿದ್ದರೆ ಮಾತ್ರ ದೂರಕ್ಕೆ ಸೈ.

ಹಿಂದಿನ ಟೈರಿನ ಬಗ್ಗೆ ಒಂದು ಮಾತು: ಹಲವು ದೊಡ್ಡ ಸ್ಕೂಟರುಗಳಲ್ಲಿ ಹಿಂಚಕ್ರ ತೆಗೆಯಲು ಸೈಲೆನ್ಸರ್ ಮತ್ತು ಬಲಬದಿಯ ತೋಳು ಬಿಚ್ಚಬೇಕು. ದಾರಿಯಲ್ಲಿ ಅದು ಆಗುವ ಕೆಲಸವಲ್ಲ. ಟ್ಯೂಬ್‌ಲೆಸ್ ಟೈರಿಗೆ ಬತ್ತಿ ತುರುಕುವ ಪಂಕ್ಚರ್ ಕಿಟ್ ಮತ್ತು ಸಣ್ಣ ಗಾಳಿಪಂಪು ಡಿಕ್ಕಿಯಲ್ಲಿರಲೇಬೇಕು. ಗಾಳಿಯನ್ನು ಟೈರ್ ತಣ್ಣಗಿರುವಾಗ, ಗಾಡಿಯ ಮೇಲಿನ ಚೀಟಿಯಲ್ಲಿ ಇಬ್ಬರಿಗೆಂದು ಕೊಟ್ಟ ಅಂಕಿಗೆ ತುಂಬಿ.

ಎತ್ತರ, ತೂಕ, ಕಾಲು ಊರುವುದು

ಸೀಟಿನ ಎತ್ತರ ಬರ್ಗ್‌ಮನ್ 400ಕ್ಕೆ 755 ಮಿ.ಮೀ., ಬಿಎಂಡಬ್ಲ್ಯು ಸಿ 400 ಜಿಟಿಗೆ 775, ಫೋರ್ಜಾ 350ಕ್ಕೆ 780, ಎಕ್ಸ್‌ಮ್ಯಾಕ್ಸ್‌ಗೆ 795, ಟಿಮ್ಯಾಕ್ಸ್‌ಗೆ 800. ಇದು ಅರ್ಧ ಸತ್ಯ. ಸೀಟಿನ ಮೂತಿ ಅಗಲವಾಗಿದ್ದರೆ ತೊಡೆ ಹೊರಕ್ಕೆ ಹರಡಿ ಕಾಲು ಗಿಡ್ಡವಾಗುತ್ತದೆ. ಕಾಲುಹಲಗೆಯ ಅಂಚೂ ಅಡ್ಡ ಬರುತ್ತದೆ. ನೀವು ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ ಕೂತು ನೋಡಿ. ಎರಡೂ ಪಾದಗಳ ಮುಂಭಾಗ ಚೆನ್ನಾಗಿ ಊರಬೇಕು. ಹಿಮ್ಮಡಿ ತಾಗದಿದ್ದರೂ ನಡೆಯುತ್ತದೆ. ಬರೀ ಬೆರಳ ತುದಿ ತಾಗಿದರೆ ಬೇಡ. ಹಿಂದೆ ಒಬ್ಬರಿದ್ದು, ನೀವು ಕಾಲಿಟ್ಟ ಕಡೆ ರಸ್ತೆ ತಗ್ಗಾಗಿದ್ದರೆ 180 ಕಿಲೋ ಗಾಡಿ ವಾಲತೊಡಗಿದ ಮೇಲೆ ತಡೆಯುವುದು ಅಸಾಧ್ಯ. ನಿಂತಾಗ ಬಿದ್ದರೂ ಬಾಡಿಯ ಪ್ಲಾಸ್ಟಿಕ್ ಹಲಗೆಗಳ ಕೊಂಡಿಗಳು ಮುರಿಯುತ್ತವೆ, ಮತ್ತು ಅವು ಬಿಡಿಯಾಗಿ ಸಿಗುವುದಿಲ್ಲ, ಇಡೀ ಹಲಗೆಯನ್ನೇ ಕೊಳ್ಳಬೇಕು.

ಶೋರೂಮಿನಲ್ಲಿ ಮಾರುವವರು ಓಡಿಸಿ ತೋರಿಸುತ್ತಾರೆ. ನೀವು ತಳ್ಳಿ ನೋಡಿ. ಸ್ವಲ್ಪ ಏರಿನಲ್ಲಿ ಹಿಂದಕ್ಕೆ ತಳ್ಳುವುದು, ಜಾಗವಿಲ್ಲದಲ್ಲಿ ತಿರುಗಿಸುವುದು, ದೊಡ್ಡ ಸ್ಟ್ಯಾಂಡ್ ಹಾಕುವುದು. ಸ್ಟ್ಯಾಂಡಿಗೆ ಕೈಬಲ ಬೇಡ: ಅದರ ಎರಡೂ ಕಾಲು ನೆಲ ಮುಟ್ಟುವಂತೆ ಒತ್ತಿ, ಆಮೇಲೆ ಪಾದದ ಮೇಲೆ ಪೂರ್ತಿ ಮೈಭಾರ ಹಾಕಿ ನಿಂತರೆ ಗಾಡಿ ತಾನೇ ಹತ್ತುತ್ತದೆ. ಇದು ನಿಮ್ಮಿಂದ ಆಗದ ಗಾಡಿಯನ್ನು, ಬೇರೆಲ್ಲ ಹಿಡಿಸಿದ್ದರೂ, ಬಿಟ್ಟುಬಿಡಿ. ದಿನಾ ಬೆಳಿಗ್ಗೆ ಸಂಜೆ ಮಾಡುವ ಕೆಲಸ ಅದು.

ಪಾರ್ಕಿಂಗ್ ಬ್ರೇಕ್ ಇದೆಯೇ ಎಂದೂ ನೋಡಿ. ಬೆಲ್ಟ್ ಸ್ಕೂಟರನ್ನು ಬೈಕಿನಂತೆ ಗೇರಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಎಂಜಿನ್ ಆರಿದ ಮೇಲೆ ಹಿಂಚಕ್ರ ಸ್ವತಂತ್ರ. ಇಳಿಜಾರಿನಲ್ಲಿ ಪಕ್ಕದ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿ ಮುಂದಕ್ಕೆ ಉರುಳಿದರೆ ಸ್ಟ್ಯಾಂಡ್ ಮಡಚಿಕೊಂಡು ಬೀಳುತ್ತದೆ.

ಮುಂದಿನ ಗಾಜು

ದೂರದ ದಣಿವಿನಲ್ಲಿ ದೊಡ್ಡ ಪಾಲು ಗಾಳಿಯದು. ಗಾಜು ಎತ್ತರವಿದ್ದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಅದರ ಅಂಚಿನಿಂದ ಹೊರಡುವ ಸುಳಿ ನಿಮ್ಮ ಹೆಲ್ಮೆಟ್ಟಿಗೇ ಬಡಿದರೆ ತಲೆ ಅದುರುತ್ತದೆ, ಸದ್ದು ಕಿವಿಗೆ ಹೊಡೆಯುತ್ತದೆ, ಕುತ್ತಿಗೆ ಸೋಲುತ್ತದೆ. ನೇರ ಕೂತಾಗ ನಿಮ್ಮ ನೋಟ ಗಾಜಿನ ಮೇಲಂಚಿನ ಸ್ವಲ್ಪ ಮೇಲಿಂದ ಹಾದುಹೋಗುವಂತಿದ್ದರೆ ಸಾಮಾನ್ಯವಾಗಿ ಸರಿ. ಗಾಜಿನ ಮೂಲಕವೇ ರಸ್ತೆ ನೋಡಬೇಕಾದರೆ ಮಳೆಯ ರಾತ್ರಿಯಲ್ಲಿ ಎದುರಿನ ದೀಪಗಳೆಲ್ಲ ಹರಡಿ ಏನೂ ಕಾಣುವುದಿಲ್ಲ. ಫೋರ್ಜಾ 350ರಲ್ಲಿ ಗುಂಡಿ ಒತ್ತಿ ಗಾಜನ್ನು ಏರಿಸಿ ಇಳಿಸಬಹುದು. ಐಷಾರಾಮದಂತೆ ಕಂಡರೂ ಊರೊಳಗೆ ಇಳಿಸಿ, ಹೆದ್ದಾರಿಯಲ್ಲಿ ಏರಿಸುವ ಅನುಕೂಲ ನಿಮ್ಮಂಥ ಮಿಶ್ರ ಬಳಕೆಗೆ ತಕ್ಕದ್ದು.

ಬೆಲ್ಟ್, ರೋಲರ್, ಕ್ಲಚ್

ದೊಡ್ಡ ಸ್ಕೂಟರಿನ ಆರೋಗ್ಯವೆಲ್ಲ ಎಡಬದಿಯ ಪೆಟ್ಟಿಗೆಯಲ್ಲಿದೆ. ಮುಂದೆ ವೇರಿಯೇಟರ್, ಹಿಂದೆ ಕ್ಲಚ್, ನಡುವೆ ರಬ್ಬರ್ ಬೆಲ್ಟ್. ಎಂಜಿನ್ ತಿರುಗಿದಷ್ಟೂ ವೇರಿಯೇಟರಿನೊಳಗಿನ ರೋಲರುಗಳು ಹೊರಕ್ಕೆ ಸರಿದು ಮುಂದಿನ ಪುಲ್ಲಿಯನ್ನು ಕಿರಿದಾಗಿಸುತ್ತವೆ, ಬೆಲ್ಟ್ ಅಲ್ಲಿ ಮೇಲೇರುತ್ತದೆ, ಹಿಂದಿನ ಪುಲ್ಲಿಯಲ್ಲಿ ಕೆಳಗಿಳಿಯುತ್ತದೆ. ಗೇರ್ ಬದಲಾಗುವುದು ಹೀಗೆ.

ಬೆಲ್ಟಿನ ಆಯುಷ್ಯ ಸಾಮಾನ್ಯವಾಗಿ 20,000ದಿಂದ 25,000 ಕಿ.ಮೀ. ನಿಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಂಕಿಯೇ ಅಂತಿಮ. ನಿಮ್ಮ ಓಡಾಟಕ್ಕೆ ಅದು ಸುಮಾರು ಒಂದೂವರೆ ವರ್ಷ. ಬೆಲ್ಟ್ ತುಂಡಾಗುವವರೆಗೆ ಕಾಯಬಾರದು; ತುಂಡಾದಾಗ ಚೂರುಗಳು ಕ್ಲಚ್ಚಿನ ಸುತ್ತ ಸಿಕ್ಕಿಕೊಂಡು ಬೇರೆ ಭಾಗಗಳನ್ನೂ ಹಾಳುಮಾಡುತ್ತವೆ. ಸವೆತ ಮೊದಲು ತೋರುವುದು ಹೆದ್ದಾರಿಯಲ್ಲಿ. ಬೆಲ್ಟ್ ಕಿರಿದಾದಾಗ ಮುಂದಿನ ಪುಲ್ಲಿಯಲ್ಲಿ ಮೇಲೇರಲಾರದೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕಾಗುತ್ತದೆ. ಗಾಡಿ ಹೊಸದಿರುವಾಗ ಸಮತಟ್ಟು ರಸ್ತೆಯಲ್ಲಿ 90ರ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಅಂದರೆ ಆರ್‌ಪಿಎಂ ಎಷ್ಟೆಂದು ಬರೆದಿಟ್ಟುಕೊಳ್ಳಿ. ಅದು ಮುನ್ನೂರು ನಾನೂರು ಏರಿದರೆ ಪೆಟ್ಟಿಗೆ ತೆರೆಸಿ. ಬೆಲ್ಟ್ ಬದಲಿಸುವಾಗ ರೋಲರುಗಳನ್ನೂ ನೋಡಬೇಕು: ಒಂದು ಕಡೆ ಚಪ್ಪಟೆಯಾದ ರೋಲರ್ ಉರುಳದೆ ಜಾರುತ್ತದೆ, ವೇಗ ಏರುವಾಗ ಗಾಡಿ ತಡವರಿಸುತ್ತದೆ. ವೇರಿಯೇಟರಿನ ಹಿಂಬದಿ ತಟ್ಟೆಯ ಪ್ಲಾಸ್ಟಿಕ್ ಜಾರುತುಂಡುಗಳು ಸವೆದರೆ ನಿಂತಲ್ಲೇ ಕಟಕಟ ಸದ್ದು. ಪುಲ್ಲಿಯ ಮುಖಕ್ಕೆ ಗ್ರೀಸ್ ಸೋಕಿದರೆ ಹೊಸ ಬೆಲ್ಟೂ ಜಾರುತ್ತದೆ, ಆದ್ದರಿಂದ ಜೋಡಿಸುವ ಮುನ್ನ ಒರೆಸಿ ಶುಚಿ ಮಾಡಲೇಬೇಕು. ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಬೇಕು.

ಹೊರಡುವಾಗ 10–15 ಕಿ.ಮೀ. ವೇಗದಲ್ಲಿ ಗಡಗಡ ನಡುಗಿದರೆ ಅದು ಕ್ಲಚ್ಚು. ಟ್ರಾಫಿಕ್ಕಿನಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಅರ್ಧಂಬರ್ಧ ಜಾರುತ್ತಿರುತ್ತದೆ, ಆ ಬಿಸಿಗೆ ಅದರ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲೇಟರಿನಿಂದಲೇ ಗಾಡಿ ಹಿಡಿದು ನಿಲ್ಲಿಸುವ ಚಾಳಿ ಇದನ್ನು ಬೇಗ ಕೊಲ್ಲುತ್ತದೆ. ನಿಲ್ಲುವುದಾದರೆ ಬ್ರೇಕಿನಲ್ಲಿ ನಿಲ್ಲಿ. ಹೊರಡುವುದಾದರೆ ಹಿಂಜರಿಯದೆ ಹೊರಡಿ.

ಉದ್ದನೆಯ ಇಳಿಜಾರಿನ ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಎಕ್ಸಲೇಟರ್ ಪೂರ್ತಿ ಬಿಟ್ಟು ವೇಗ ತೀರ ಇಳಿದಾಗ ಕ್ಲಚ್ ಕಳಚಿಕೊಳ್ಳುತ್ತದೆ, ಎಂಜಿನ್ ಹಿಡಿತ ಇಲ್ಲವಾಗುತ್ತದೆ, ಗಾಡಿ ಸ್ವತಂತ್ರವಾಗಿ ಉರುಳುತ್ತದೆ. ತಿರುವಿನ ನಡುವೆ ಹೀಗಾದರೆ ಎದೆ ಧಸಕ್ಕೆನ್ನುತ್ತದೆ. ಎಕ್ಸಲೇಟರನ್ನು ಕೂದಲೆಳೆಯಷ್ಟು ಕೊಟ್ಟರೆ ಕ್ಲಚ್ ಮತ್ತೆ ಹಿಡಿದು ಎಂಜಿನ್ ತಡೆ ಮರಳುತ್ತದೆ. ಇಬ್ಬರಿದ್ದಾಗ ಒಂದೇ ಸಮನೆ ಬ್ರೇಕ್ ಒತ್ತಿ ಹಿಡಿಯದೆ, ಎರಡೂ ಬ್ರೇಕುಗಳನ್ನು ಬಲವಾಗಿ ಒತ್ತಿ ವೇಗ ಇಳಿಸಿ ಬಿಡಿ, ಮತ್ತೆ ಒತ್ತಿ. ನಡುನಡುವೆ ತಣ್ಣಗಾಗಲು ಸಮಯ ಸಿಗದಿದ್ದರೆ ಬ್ರೇಕ್ ಎಣ್ಣೆ ಕುದಿದು ಲಿವರ್ ಹ್ಯಾಂಡಲಿಗೇ ಬಂದು ತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಲು ಹೇಳುವುದು ಇದಕ್ಕೇ. ಹಳೆಯದಾದಂತೆ ಅದು ತೇವ ಹೀರಿ ಕಡಿಮೆ ಶಾಖಕ್ಕೇ ಕುದಿಯುತ್ತದೆ.

ಹಿಂಚಕ್ರದ ಬಳಿಯ ಗೇರ್ ಎಣ್ಣೆ ಬಹಳ ಜನರಿಗೆ ಮರೆತೇ ಹೋಗುತ್ತದೆ. ಬೇಕಾದದ್ದು 200–250 ಮಿ.ಲೀ. ಮಾತ್ರ. ಎಂಜಿನ್ ಎಣ್ಣೆ ಬೇರೆ, ಇದು ಬೇರೆ ಎಂದು ಸರ್ವಿಸ್ ಕೊಡುವಾಗ ನೆನಪಿಸಿ.

ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಎರಡೂ ಚಕ್ರಕ್ಕಿರಲಿ. ಹಿಂಚಕ್ರ ಹಿಡಿತ ತಪ್ಪಿ ಗಿರಕಿ ಹೊಡೆಯದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಸುಮ್ಮನೆ ಅಲಂಕಾರವೆಂದು ಕೆಲವರು ಹೇಳುತ್ತಾರೆ. ಒದ್ದೆಯಾದ ಬಿಳಿ ಪಟ್ಟಿಯ ಮೇಲೆ, ಕಬ್ಬಿಣದ ಮುಚ್ಚಳದ ಮೇಲೆ ತಿರುವಿನಲ್ಲಿ ಹೊರಟಾಗ ಅದು ಕೆಲಸಕ್ಕೆ ಬರುತ್ತದೆ.

ಸಾಮಾನು, ಹಿಂದೆ ಕೂರುವವರು, ಟ್ಯಾಂಕ್

ಎಕ್ಸ್‌ಮ್ಯಾಕ್ಸ್, ಫೋರ್ಜಾ 350 ಎರಡರ ಡಿಕ್ಕಿಯಲ್ಲೂ ಮುಖ ಮುಚ್ಚುವ ಎರಡು ಹೆಲ್ಮೆಟ್ ಹಿಡಿಯುತ್ತವೆ. ನಿಮ್ಮ ಹೆಲ್ಮೆಟ್ಟನ್ನೇ ಒಯ್ದು ಇಟ್ಟು ನೋಡಿ, ಗಾಳಿಕಿಂಡಿ ಉಬ್ಬಿದ ಕೆಲವು ಹಿಡಿಯುವುದಿಲ್ಲ. ಸಿ 400 ಜಿಟಿಯಲ್ಲಿ ಹೆಚ್ಚುವರಿ ಜಾಗಕ್ಕೆ ತಳ ಕೆಳಗಿಳಿಯುತ್ತದೆ, ಆದರೆ ನಿಂತಾಗ ಮಾತ್ರ. ಆ ಜಾಗದಲ್ಲಿ ಹೆಲ್ಮೆಟ್ ಇಟ್ಟುಕೊಂಡು ಓಡಿಸಲಾಗದು. ಡಿಕ್ಕಿ ಎಂಜಿನ್ ಮೇಲೇ ಇರುವುದರಿಂದ ಔಷಧಿ, ಹಾಲು ಇಡುವ ಜಾಗವಲ್ಲ.

ಹಿಂದೆ ಪೆಟ್ಟಿಗೆ ಕಟ್ಟಿಸುವುದಾದರೆ ಅದಕ್ಕೆ ಕೊಟ್ಟ ತೂಕದ ಮಿತಿ ಮೀರಬೇಡಿ. ಹಿಂದಿನ ಆಕ್ಸಲಿನ ಆಚೆ ಏರಿದ ಪ್ರತಿ ಕಿಲೋ ಮುಂಚಕ್ರವನ್ನು ಹಗುರ ಮಾಡುತ್ತದೆ. 100ರ ಆಸುಪಾಸಿನಲ್ಲಿ ಹ್ಯಾಂಡಲ್ ಅಲುಗಾಡಲು, ಇಡೀ ಗಾಡಿ ಹಾವಿನಂತೆ ಹೊಯ್ದಾಡಲು ಸಾಮಾನ್ಯ ಕಾರಣ ಇದು. ಭಾರದ ವಸ್ತು ಸೀಟಿನಡಿ, ಹಗುರದ್ದು ಪೆಟ್ಟಿಗೆಯಲ್ಲಿ. ನಿಮ್ಮ ಹೆಂಡತಿಯವರನ್ನು ಶೋರೂಮಿಗೆ ಕರೆದುಕೊಂಡೇ ಹೋಗಿ. ಅವರ ಕಾಲಿನ ಫುಟ್‌ರೆಸ್ಟ್ ತೀರ ಮೇಲಿದ್ದರೆ ಮೊಣಕಾಲು ಮಡಚಿ ಅರ್ಧ ಗಂಟೆಗೇ ಜೋಮು ಹಿಡಿಯುತ್ತದೆ. ಅಗಲ ಸೀಟಿನಲ್ಲಿ ತೊಡೆಯ ಬುಡ ಸೆಳೆಯುತ್ತದೆ. ನಿಮಗೆ ಹಿಡಿಸಿ ಅವರಿಗೆ ಹಿಡಿಸದ ಗಾಡಿ ದೂರದ ಪ್ರಯಾಣಕ್ಕೆ ಹೊರಡುವುದಿಲ್ಲ.

ಫೋರ್ಜಾ 350ರ ಟ್ಯಾಂಕ್ 11.7 ಲೀಟರ್, ಎಕ್ಸ್‌ಮ್ಯಾಕ್ಸ್‌ದು 13ರ ಸುಮಾರು. ಲೀಟರಿಗೆ 28–30 ಕಿ.ಮೀ. ಲೆಕ್ಕ ಹಿಡಿದರೂ ಎರಡು ಲೀಟರ್ ಉಳಿಸಿಕೊಂಡು ಕ್ರಮವಾಗಿ 270 ಮತ್ತು 310 ಕಿ.ಮೀ. ನಿಮ್ಮ ಪ್ರಯಾಣಕ್ಕೆ ಒಂದು ಸಲ ತುಂಬಿಸಿದರೆ ಹೆಚ್ಚುಕಡಿಮೆ ಸಾಕು. ಎಲೆಕ್ಟ್ರಿಕ್ ಕೂಡ ಯೋಚನೆಯಲ್ಲಿದ್ದರೆ, ಬಿಎಂಡಬ್ಲ್ಯು ಸಿಇ 04 ಒಮ್ಮೆ ಚಾರ್ಜಿಗೆ ಕಾಗದದ ಮೇಲೆ ಸುಮಾರು 130 ಕಿ.ಮೀ. ಓಡುತ್ತದೆ, ಹೆದ್ದಾರಿ ವೇಗದಲ್ಲಿ ಅದಕ್ಕಿಂತ ಕಡಿಮೆ. ದಿನದ 40ಕ್ಕೆ ಸೊಗಸು, 300ಕ್ಕೆ ಅಲ್ಲ.

ಹಾಗಾದರೆ ಯಾವುದು

ನಿಮ್ಮ ಎತ್ತರ ಮತ್ತು ಬಳಕೆಗೆ ಮೊದಲು ಫೋರ್ಜಾ 350, ಆಮೇಲೆ ಎಕ್ಸ್‌ಮ್ಯಾಕ್ಸ್ 300 ಕೂತು ನೋಡಿ. ಕಾಲು ಚಾಚಿ ಕೂತಾಗ ಸೊಂಟ ಇಪ್ಪತ್ತು ನಿಮಿಷದಲ್ಲೇ ಮಾತಾಡತೊಡಗಿದರೆ ಎರಡನ್ನೂ ಬಿಟ್ಟು ಎಸ್‌ಎಚ್ 350ಐ ಅಥವಾ ಬೆವರ್ಲಿಯ ಕಡೆ ತಿರುಗಿ. ಕಾಲು ಊರುವ ಭಯವೇ ದೊಡ್ಡದಾದರೆ, ಹೆಚ್ಚಿನ ತೂಕ ಒಪ್ಪಿಕೊಂಡು ಬರ್ಗ್‌ಮನ್ 400. ಇವೆಲ್ಲ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೂ ಬೆಲ್ಟ್, ರೋಲರ್, ಬ್ರೇಕ್ ಪ್ಯಾಡ್, ಹಿಂದಿನ ಟೈರ್ ಈ ನಾಲ್ಕು ನಿಮ್ಮ ಹತ್ತಿರದ ಸರ್ವಿಸ್‌ನಲ್ಲಿ ದಾಸ್ತಾನು ಇವೆಯೇ ಅಥವಾ ತರಿಸಲು ಎಷ್ಟು ದಿನ ಎಂದು ಮೊದಲೇ ಕೇಳಿ. ಬೆಲ್ಟಿಗಾಗಿ ತಿಂಗಳು ಕಾಯಬೇಕಾದ ಊರಿನಲ್ಲಿ ಎಷ್ಟು ಒಳ್ಳೆಯ ಗಾಡಿಯೂ ಕೆಟ್ಟ ಆಯ್ಕೆ.

ಓಡಿಸಿ ನೋಡಲು ಐದು ನಿಮಿಷ ಸಾಲದು, ಕನಿಷ್ಠ ಅರ್ಧ ಗಂಟೆ ಕೇಳಿ. ಎಂಜಿನ್ ತಣ್ಣಗಿರುವಾಗ ಶುರುಮಾಡಿ. ನಿಂತಲ್ಲಿಂದ ಮೆಲ್ಲಗೆ ಹೊರಡಿ, ನಡುಕ ಇದೆಯೇ ಗಮನಿಸಿ. ಇಬ್ಬರು ಕೂತು 60ರಿಂದ 90ಕ್ಕೆ ಏರಿಸಿ. ನೀವು ಲಾರಿ ಹಿಂದಿಕ್ಕುವುದು ಆ ವೇಗದಲ್ಲಿ. ಹಾಳಾದ ರಸ್ತೆಯ ಮೇಲೆ 40ರಲ್ಲಿ ಹೋಗಿ. ಕಿರಿದಾದ ಜಾಗದಲ್ಲಿ ಪೂರ್ತಿ ಯು ತಿರುವು ತೆಗೆದುಕೊಳ್ಳಿ, ಹ್ಯಾಂಡಲ್ ಕೊನೆಯವರೆಗೆ ತಿರುಗಿದಾಗ ಮೊಣಕಾಲಿಗೆ ತಾಗುತ್ತದೆಯೇ ನೋಡಿ.

ಬಳಸಿದ ಗಾಡಿಯಾದರೆ ಇನ್ನಷ್ಟಿದೆ. 20,000 ದಾಟಿದ್ದು ಬೆಲ್ಟ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟು, ರೋಲರು, ಕೂಲಿ ಸೇರಿಸಿ ಬೆಲೆಯಲ್ಲಿ ಕಳೆಯಿರಿ. ದೊಡ್ಡ ಸ್ಟ್ಯಾಂಡ್ ಹಾಕಿ, ಹಿಂಭಾಗ ಒತ್ತಿಸಿ ಮುಂಚಕ್ರ ಎತ್ತಿ, ಹ್ಯಾಂಡಲನ್ನು ಎಡಬಲ ಮೆಲ್ಲಗೆ ತಿರುಗಿಸಿ: ನಡುವಿನಲ್ಲಿ ಸಿಕ್ಕಿಕೊಂಡಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರವಿದ್ದರೆ ಸೀಲು ಸೋರುತ್ತಿದೆ. ಪ್ಲಾಸ್ಟಿಕ್ ಹಲಗೆಗಳ ನಡುವಿನ ಸಂದು ಎರಡು ಬದಿಯಲ್ಲೂ ಒಂದೇ ಸಮನಾಗಿರಬೇಕು. ಒಂದು ಕಡೆ ಬಾಯಿ ಬಿಟ್ಟಿದ್ದರೆ ಆ ಬದಿಗೆ ಬಿದ್ದ ಗಾಡಿ. ಕೀಲಿಯಿಲ್ಲದೆ ಶುರುವಾಗುವ ಮಾದರಿಯಾದರೆ ಎರಡೂ ರಿಮೋಟ್ ಕೈಗೆ ಬರಬೇಕು, ಎರಡರಿಂದಲೂ ಗಾಡಿ ಶುರುವಾಗಬೇಕು. ಗಾಡಿಯ ಬ್ಯಾಟರಿ ಸತ್ತರೆ ಸೀಟು ತೆರೆಯುವುದು ಹೇಗೆ ಎಂದು ಅಲ್ಲೇ ತೋರಿಸಿಕೊಳ್ಳಿ, ಏಕೆಂದರೆ ಇಂಥ ಗಾಡಿಗಳಲ್ಲಿ ಸೀಟಿನ ಬೀಗ ಸಾಮಾನ್ಯವಾಗಿ ಕರೆಂಟಿನದು; ಪಂಕ್ಚರ್ ಕಿಟ್ಟೂ ಎರಡನೇ ರಿಮೋಟೂ ಒಳಗೇ ಉಳಿದರೆ ದಾರಿಯಲ್ಲಿ ನಿಂತುಕೊಂಡು ಮಾಡುವಂಥದ್ದು ಏನೂ ಇರುವುದಿಲ್ಲ.